ಅರಬ್, ಇಸ್ರೇಲ್, ಇರಾನ್ ಓದಬೇಕೆ? ಮೊದಲು ಲಿಪಿ ಕಲಿಯಿರಿ

ಗಾಜಾ, ಟೆಹ್ರಾನ್, ದುಬೈ. ಈ ಮೂರರಲ್ಲಿ ಒಂದಾದರೂ ಹೆಸರಿಲ್ಲದ ದಿನಪತ್ರಿಕೆ ಈಚೆಗೆ ಅಪರೂಪ. ಸುದ್ದಿ ಓದಿ ಓದಿ, ಆ ನಾಡುಗಳ ರಾಜಕೀಯ, ಸಮಾಜ, ಸಂಸ್ಕೃತಿಯನ್ನೇ ಪದವಿಯಾಗಿ ಓದಿದರೆ ಹೇಗೆ ಎಂದು ಯೋಚಿಸುವವರಿದ್ದಾರೆ. ಖಂಡಿತ ಓದಬಹುದು. ತೊಡಕೆಂದರೆ, ವಿಶ್ವವಿದ್ಯಾಲಯಗಳ ಮಾಹಿತಿ ಪುಸ್ತಿಕೆಗಳಲ್ಲಿ ಎಲ್ಲ ಕೋರ್ಸ್‌ಗಳೂ ಒಂದೇ ಸಮ ಹೊಳೆಯುತ್ತವೆ. ಕಾಳು ಯಾವುದು, ಜೊಳ್ಳು ಯಾವುದು ಎಂದು ತೂರಿ ನೋಡಲು ಒಂದು ದಾರಿ ಇಲ್ಲಿದೆ.

ಹೆಜ್ಜೆ 1: ಯಾವ ಹೆಸರಿನಲ್ಲಿ ಹುಡುಕುವುದು?

‘ಮಧ್ಯಪ್ರಾಚ್ಯ’ ಎಂಬುದು ಪಾಶ್ಚಾತ್ಯರು ತಾವಿದ್ದಲ್ಲಿಂದ ನೋಡಿ ಇಟ್ಟ ಹೆಸರು. ಮಂಗಳೂರಿನ ಕಡಲ ದಂಡೆಯಲ್ಲಿ ನಿಂತವರಿಗೆ ಅದು ಪಡುವಣ ದಿಕ್ಕು. ಹಾಗಾಗಿ ಭಾರತದ ವಿಶ್ವವಿದ್ಯಾಲಯಗಳಲ್ಲಿ ಈ ವಿಷಯದ ಹೆಸರು ‘ಪಶ್ಚಿಮ ಏಷ್ಯಾ ಅಧ್ಯಯನ’. ಅಮೆರಿಕದ ಪ್ರಿನ್ಸ್‌ಟನ್‌ನಲ್ಲಿ ಇದೇ ‘ನಿಯರ್ ಈಸ್ಟರ್ನ್ ಸ್ಟಡೀಸ್’, ಆಕ್ಸ್‌ಫರ್ಡ್‌ನಲ್ಲಿ ‘ಮಾಡರ್ನ್ ಮಿಡಲ್ ಈಸ್ಟರ್ನ್ ಸ್ಟಡೀಸ್’. ಇರಾನ್ ಕುರಿತದ್ದು ಕೆಲವು ಕಡೆ ‘ಪರ್ಷಿಯನ್’, ಕೆಲವು ಕಡೆ ‘ಇರಾನಿಯನ್ ಸ್ಟಡೀಸ್’. ಒಂದೇ ಹೆಸರಿಗೆ ಅಂಟಿಕೊಂಡು ಹುಡುಕಿದರೆ ಎಷ್ಟೋ ಕೋರ್ಸ್‌ಗಳು ಕಣ್ಣಿಗೇ ಬೀಳುವುದಿಲ್ಲ.

ಹೆಜ್ಜೆ 2: ಭಾಷೆಯನ್ನು ಆರಿಸಿ, ಉಳಿದದ್ದು ಆಮೇಲೆ

ಎಲ್ಲ ನಿರ್ಧಾರಗಳೂ ಇದರ ಮೇಲೆ ನಿಂತಿವೆ. ಅರಬ್ಬಿ, ಇಸ್ರೇಲಿನ ಹೀಬ್ರೂ, ಇರಾನಿನ ಪಾರಸಿ (ಪರ್ಷಿಯನ್) ಈ ಮೂರರಲ್ಲಿ ಒಂದೂ ಬಾರದೆ ಪಶ್ಚಿಮ ಏಷ್ಯಾ ಓದುವುದೆಂದರೆ, ಕನ್ನಡ ಬಾರದೆ ಕರ್ನಾಟಕದ ರಾಜಕೀಯ ವಿಶ್ಲೇಷಿಸಿದಂತೆ. ಮಾಡುವವರಿದ್ದಾರೆ, ಅದರ ಗುಣಮಟ್ಟ ನಮಗೇ ಗೊತ್ತಿದೆ.

ಲಿಪಿ ನೋಡಿ ಮೋಸಹೋಗಬೇಡಿ. ಅರಬ್ಬಿಯಲ್ಲಿ 28 ಅಕ್ಷರ. ಪಾರಸಿ ಅದೇ ಲಿಪಿಗೆ ಪ, ಚ, ಗ ಮತ್ತು ‘ಝ್’ನಂಥ ಇನ್ನೊಂದು ಧ್ವನಿಗೆ ಅಕ್ಷರ ಸೇರಿಸಿಕೊಂಡು 32 ಮಾಡಿಕೊಂಡಿದೆ. ಹೀಬ್ರೂವಿನದು 22 ಅಕ್ಷರಗಳ ಬೇರೆಯೇ ಲಿಪಿ. ಆದರೆ ಒಡಹುಟ್ಟಿದವರು ಅರಬ್ಬಿ ಮತ್ತು ಹೀಬ್ರೂ. ಅರಬ್ಬಿಯಲ್ಲಿ ‘ಕತಬ’ ಎಂದರೆ ಬರೆದನು, ಹೀಬ್ರೂವಿನಲ್ಲಿ ಅದೇ ‘ಕತವ್’. ಎರಡರಲ್ಲೂ ಮೂರು ವ್ಯಂಜನಗಳ ಬೇರಿನಿಂದ ಪದಗಳು ಕವಲೊಡೆಯುತ್ತವೆ. ಪಾರಸಿಯಾದರೋ ಸಂಸ್ಕೃತದ ನೆಂಟ. ಭ್ರಾತೃ ಅಲ್ಲಿ ‘ಬರಾದರ್’, ಸಪ್ತ ಅಲ್ಲಿ ‘ಹಫ್ತ್’. ಏಳು ದಿನದ ವಾರಕ್ಕೆ ಅವರು ‘ಹಫ್ತೆ’ ಎನ್ನುತ್ತಾರೆ. ಅದು ನಮ್ಮಲ್ಲಿಗೆ ಬಂದು ಹಫ್ತಾ ವಸೂಲಿಯಾಗಿದೆ.

ಕನ್ನಡಿಗರಿಗೆ ಇನ್ನೊಂದು ಸಣ್ಣ ಅನುಕೂಲವಿದೆ. ವಕೀಲ, ರೈತ, ಜಿಲ್ಲೆ, ತಾಲೂಕು, ಅರ್ಜಿ ಅರಬ್ಬಿ ಮೂಲದವು. ದರ್ಬಾರು, ಜಮೀನು, ಕಾಗದ ಪಾರಸಿಯಿಂದ ಬಂದವು. ತಹಶೀಲ್ದಾರರಂತೂ ಅರ್ಧ ಅರಬ್ಬಿ, ಅರ್ಧ ಪಾರಸಿ: ‘ತಹಸೀಲ್’ ಎಂದರೆ ವಸೂಲಿ, ‘ದಾರ್’ ಎಂದರೆ ಹೊಂದಿರುವವನು. ಬಿಜಾಪುರದ ಆಸ್ಥಾನದಲ್ಲಿ ಪಾರಸಿ ಮೆರೆದಿತ್ತು. ಬೀದರ್‌ನಲ್ಲಿ 1472ರ ಮದರಸಾ ಕಟ್ಟಿಸಿದ ಮಹಮೂದ್ ಗಾವಾನ್ ಇರಾನಿನ ಗೀಲಾನ್ ಪ್ರಾಂತ್ಯದವನು.

ಇಷ್ಟು ಹೇಳಿದ ಮೇಲೆ ಕಷ್ಟವನ್ನೂ ಹೇಳಬೇಕು. ಅರಬ್ಬಿ ಎಂದರೆ ಒಂದು ಭಾಷೆಯಲ್ಲ. ಪುಸ್ತಕ, ಪತ್ರಿಕೆ, ವಾರ್ತೆಗಳದು ‘ಫುಸ್‌ಹಾ’ ಎಂಬ ಗ್ರಾಂಥಿಕ ರೂಪ. ಮನೆ, ಸಂತೆ, ಟ್ಯಾಕ್ಸಿಯಲ್ಲಿ ಕೇಳುವುದು ಆಯಾ ನಾಡಿನ ಆಡುಮಾತು. ಕಲಬುರಗಿಗೂ ಕುಂದಾಪುರಕ್ಕೂ ಇರುವ ಅಂತರಕ್ಕಿಂತ ಮೊರಾಕ್ಕೊ, ಇರಾಕ್‌ಗಳ ಮಾತಿನ ಅಂತರ ದೊಡ್ಡದು. ಫುಸ್‌ಹಾ ಮಾತ್ರ ಕಲಿತು ಕೈರೋದಲ್ಲಿ ಇಳಿದವರ ಪಾಡು, ಬಸ್ ನಿಲ್ದಾಣದಲ್ಲಿ ಹಳಗನ್ನಡದಲ್ಲಿ ದಾರಿ ಕೇಳಿದವರ ಪಾಡೇ. ಯಾವ ಆಡುಮಾತನ್ನು ಕಲಿಸುತ್ತಾರೆ ಎಂಬುದನ್ನು ವಿಭಾಗಕ್ಕೆ ಮೊದಲೇ ಬರೆದು ಕೇಳಿ.

ಹೆಜ್ಜೆ 3: ಪಠ್ಯಕ್ರಮವನ್ನು ಗಂಟೆಯ ಲೆಕ್ಕದಲ್ಲಿ ಓದಿ

ಅಮೆರಿಕದ ವಿದೇಶಾಂಗ ಇಲಾಖೆ ತನ್ನ ಸಿಬ್ಬಂದಿಗೆ ಭಾಷೆ ಕಲಿಸಲು ಒಂದು ಅಂದಾಜು ಇಟ್ಟುಕೊಂಡಿದೆ. ಇಂಗ್ಲಿಷ್ ಬಲ್ಲವರು ಕೆಲಸಕ್ಕೆ ಸಾಕಾಗುವಷ್ಟು ಅರಬ್ಬಿ ಕಲಿಯಲು ಸುಮಾರು 2,200 ತರಗತಿ ಗಂಟೆ, ಪಾರಸಿ ಅಥವಾ ಹೀಬ್ರೂವಿಗೆ ಸುಮಾರು 1,100 ಗಂಟೆ ಬೇಕು. ಈಗ ನಿಮ್ಮ ಕೈಯಲ್ಲಿರುವ ಪಠ್ಯಕ್ರಮ ತೆರೆಯಿರಿ. ವಾರಕ್ಕೆ ನಾಲ್ಕು ಗಂಟೆ ಭಾಷೆ, ವರ್ಷಕ್ಕೆ 30 ವಾರ ಎಂದಿದ್ದರೆ 120 ಗಂಟೆ. ಆ ವೇಗದಲ್ಲಿ ಅರಬ್ಬಿ ಕೈಗೂಡಲು ಹದಿನೆಂಟು ವರ್ಷ ದಾಟುತ್ತದೆ! ಆದ್ದರಿಂದ ಬೇಸಿಗೆ ಶಿಬಿರವೋ, ಆ ಭಾಷೆ ಆಡುವ ನಾಡಿನಲ್ಲಿ ಒಂದು ವರ್ಷದ ವಾಸವೋ ಇರುವ ಕೋರ್ಸ್ ಹುಡುಕಿ. ಕೇಂಬ್ರಿಡ್ಜ್‌ನ ನಾಲ್ಕು ವರ್ಷದ ಪದವಿಯಲ್ಲಿ ಮೂರನೆಯ ವರ್ಷವನ್ನು ಹೊರನಾಡಿನಲ್ಲೇ ಕಳೆಯಬೇಕು.

ಬೋಧಕರ ಪಟ್ಟಿಯನ್ನೂ ನೋಡಿ. ಅಲ್ಲಿ ಇತಿಹಾಸಕಾರರು, ಸಾಹಿತ್ಯದವರು, ಸಮಾಜಶಾಸ್ತ್ರಜ್ಞರು ಇದ್ದಾರೆಯೇ ಅಥವಾ ಎಲ್ಲರೂ ಯುದ್ಧ, ತೈಲ, ಭದ್ರತೆಯವರೇ? ಬರೀ ಭದ್ರತೆ ಓದಿದರೆ ಜನರನ್ನು ನಕ್ಷೆಯಲ್ಲಿ ಮಾತ್ರ ಕಾಣುವ ಅಭ್ಯಾಸವಾಗುತ್ತದೆ.

ಹಣ ಎಲ್ಲಿಂದ ಬರುತ್ತದೆ ಎಂಬುದೂ ತಿಳಿದಿರಲಿ. ಬ್ರಿಟನ್ನಿನ ಎಕ್ಸೆಟರ್ ವಿಶ್ವವಿದ್ಯಾಲಯದ ಅರಬ್ ಮತ್ತು ಇಸ್ಲಾಮಿಕ್ ಅಧ್ಯಯನ ಸಂಸ್ಥೆಗೆ ಶಾರ್ಜಾದ ಆಡಳಿತಗಾರರ ದೊಡ್ಡ ನೆರವಿದೆ. ಅವರು ಅಲ್ಲಿಯೇ ಪಿಎಚ್.ಡಿ. ಮಾಡಿದವರು. ಇದು ಗುಟ್ಟೂ ಅಲ್ಲ, ತಪ್ಪೂ ಅಲ್ಲ. ಇಸ್ರೇಲ್ ಅಧ್ಯಯನ ಪೀಠಗಳಿಗೂ ದಾನಿಗಳಿರುತ್ತಾರೆ. ಪಠ್ಯಪಟ್ಟಿಯಲ್ಲಿ ಎದುರು ಪಕ್ಷದ ಲೇಖಕರು ಎಷ್ಟು ಮಂದಿ ಇದ್ದಾರೆಂದು ಎಣಿಸಿದರೆ ಸಾಕು, ಬಣ್ಣ ತಿಳಿಯುತ್ತದೆ.

ಹೆಜ್ಜೆ 4: ಭಾರತದಲ್ಲಿ ಎಲ್ಲಿ?

ದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದಲ್ಲಿ ಪಿಯುಸಿ ಮುಗಿಸಿದವರು ಸಿಯುಇಟಿ ಎಂಬ ಸಾಮಾನ್ಯ ಪ್ರವೇಶ ಪರೀಕ್ಷೆ ಬರೆದು ಅರಬ್ಬಿ ಅಥವಾ ಪಾರಸಿಯ ಬಿ.ಎ. ಆನರ್ಸ್‌ಗೆ ಸೇರಬಹುದು. ಅಲ್ಲಿ ಅಕ್ಷರಮಾಲೆಯಿಂದಲೇ ಶುರು, ಮೊದಲೇ ಭಾಷೆ ಬರಬೇಕೆಂದಿಲ್ಲ. ಅದೇ ವಿಶ್ವವಿದ್ಯಾಲಯದ ಅಂತರರಾಷ್ಟ್ರೀಯ ಅಧ್ಯಯನ ಶಾಲೆಯಲ್ಲಿ ಪಶ್ಚಿಮ ಏಷ್ಯಾ ಅಧ್ಯಯನ ಕೇಂದ್ರವಿದೆ. ಮುಂದೆ ಸಂಶೋಧನೆ ಮಾಡುವವರಿಗೆ ಅದು ಒಳ್ಳೆಯ ನೆಲೆ. ಜಾಮಿಯಾ ಮಿಲ್ಲಿಯಾದಲ್ಲಿ ಪಶ್ಚಿಮ ಏಷ್ಯಾವನ್ನೇ ಕೇಂದ್ರವಾಗಿಟ್ಟುಕೊಂಡ ಅಂತರರಾಷ್ಟ್ರೀಯ ಸಂಬಂಧಗಳ ಎಂ.ಎ. ಇದೆ. ಅಲೀಗಢದಲ್ಲಿ ಪಶ್ಚಿಮ ಏಷ್ಯಾ ಮತ್ತು ಉತ್ತರ ಆಫ್ರಿಕಾಕ್ಕೇ ಪ್ರತ್ಯೇಕ ವಿಭಾಗವಿದೆ. ಇವೆರಡರಲ್ಲಿ ಹಲವು ಕೋರ್ಸ್‌ಗಳಿಗೆ ಅವರದೇ ಪ್ರವೇಶ ಪರೀಕ್ಷೆ ಇರುವುದರಿಂದ ಅಧಿಸೂಚನೆಯನ್ನು ಪ್ರತಿವರ್ಷ ಹೊಸದಾಗಿ ಓದಿಕೊಳ್ಳಬೇಕು. ದೂರ ಹೋಗಲಾರದವರಿಗೆ ಹೈದರಾಬಾದ್ ಇದೆ. ಅಲ್ಲಿನ ಮೌಲಾನಾ ಆಜಾದ್ ಉರ್ದು ವಿಶ್ವವಿದ್ಯಾಲಯದಲ್ಲಿ ಅರಬ್ಬಿ, ಪಾರಸಿ ಎರಡೂ ಇವೆ.

ಹೀಬ್ರೂವಿಗೆ ಮಾತ್ರ ನಮ್ಮಲ್ಲಿ ಅವಕಾಶ ಕಡಿಮೆ. ಅದೇ ಬೇಕೆಂದಾದರೆ ಹೆಚ್ಚಿನವರಿಗೆ ವಿದೇಶವೇ ಗತಿ.

ಹೆಜ್ಜೆ 5: ವಿದೇಶಕ್ಕೆ ಹೋಗುವುದಾದರೆ

ಮೂರೂ ಭಾಷೆಗಳು ಒಂದೇ ಸೂರಿನಡಿ ಸಿಗುವುದು ಆಕ್ಸ್‌ಫರ್ಡ್‌ನಂಥ ಕಡೆ. ಆಕ್ಸ್‌ಫರ್ಡ್‌ನ ಎರಡು ವರ್ಷದ ಎಂ.ಫಿಲ್.ನಲ್ಲಿ ಭಾಷೆ ಪಾಠದ ಭಾಗವೇ. ಆ ಪ್ರದೇಶದ ಒಳಗೇ ಓದುವುದಾದರೆ 1866ರಲ್ಲಿ ಆರಂಭವಾದ ಬೈರೂತಿನ ಅಮೆರಿಕನ್ ವಿಶ್ವವಿದ್ಯಾಲಯ, 1919ರ ಕೈರೋ ಅಮೆರಿಕನ್ ವಿಶ್ವವಿದ್ಯಾಲಯ ಇವೆ. ಹೀಬ್ರೂವಿಗೆ ಜೆರುಸಲೇಮಿನ ಹೀಬ್ರೂ ವಿಶ್ವವಿದ್ಯಾಲಯದ ‘ಉಲ್ಪಾನ್’ ಎಂಬ ತೀವ್ರ ತರಗತಿಗಳು ಪ್ರಸಿದ್ಧ. ಪಾರಸಿಗೆ ಟೆಹ್ರಾನ್ ವಿಶ್ವವಿದ್ಯಾಲಯದ ದೆಹ್‌ಖೊದಾ ಸಂಸ್ಥೆ ಇದೆ.

ಹೊರಡುವ ಮೊದಲು ಭಾರತದ ವಿದೇಶಾಂಗ ಸಚಿವಾಲಯದ ಪ್ರಯಾಣ ಸೂಚನೆ ನೋಡುವುದನ್ನು ಮರೆಯಬೇಡಿ. 2025ರ ಜೂನ್‌ನಲ್ಲಿ ಇರಾನಿನಲ್ಲಿದ್ದ ನಮ್ಮ ವಿದ್ಯಾರ್ಥಿಗಳನ್ನು ‘ಆಪರೇಷನ್ ಸಿಂಧು’ ಹೆಸರಿನಲ್ಲಿ ಕರೆತರಬೇಕಾಯಿತು. ಇನ್ನೊಂದು ಸಂಗತಿ, ಇಸ್ರೇಲ್‌ಗೆ ಹೋಗಿಬಂದ ಗುರುತು ಪಾಸ್‌ಪೋರ್ಟ್‌ನಲ್ಲಿದ್ದರೆ ಇರಾನ್, ಲೆಬನಾನ್ ಬಾಗಿಲು ತೆರೆಯುವುದಿಲ್ಲ. ಇಸ್ರೇಲ್ ಈಗ ಪಾಸ್‌ಪೋರ್ಟ್‌ಗೆ ಮುದ್ರೆ ಒತ್ತುವ ಬದಲು ಬೇರೆ ಚೀಟಿ ಕೊಡುತ್ತದೆ. ಆದರೂ ಯಾವ ದೇಶ ಮೊದಲು, ಯಾವುದು ಆಮೇಲೆ ಎಂಬುದನ್ನು ಯೋಚಿಸಿಯೇ ತೀರ್ಮಾನಿಸಿ.

ಹೆಜ್ಜೆ 6: ಅರ್ಜಿಯ ಜೊತೆಗಿನ ಪ್ರಬಂಧ

‘ಚಿಕ್ಕಂದಿನಿಂದಲೂ ನನಗೆ ಅರಬ್ ಸಂಸ್ಕೃತಿಯಲ್ಲಿ ಆಸಕ್ತಿ’ ಎಂದು ಆರಂಭಿಸಬೇಡಿ. ಒಂದು ಪ್ರಶ್ನೆ ಇಟ್ಟುಕೊಂಡು ಬರೆಯಿರಿ. ಉದಾಹರಣೆ ನಮ್ಮ ಕರಾವಳಿಯಲ್ಲೇ ಇದೆ. 12ನೇ ಶತಮಾನದಲ್ಲಿ ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವರ್ತಕ ಮಂಗಳೂರಿನಲ್ಲಿ ಹಲವು ವರ್ಷ ನೆಲೆಸಿದ್ದ. ಹುಟ್ಟೂರು ಈಗಿನ ಟ್ಯುನೀಸಿಯಾ, ವ್ಯಾಪಾರ ಏಡನ್‌ನೊಂದಿಗೆ. ಅವನ ಪತ್ರಗಳು ಕೈರೋದ ಹಳೆಯ ಯಹೂದಿ ಪ್ರಾರ್ಥನಾ ಮಂದಿರದ ಕಾಗದದ ರಾಶಿಯಲ್ಲಿ ಉಳಿದುಕೊಂಡವು. ಭಾಷೆ ಅರಬ್ಬಿ, ಬರೆದದ್ದು ಹೀಬ್ರೂ ಲಿಪಿಯಲ್ಲಿ. ಅರಬ್ ಲೋಕ ಬೇರೆ, ಯಹೂದಿ ಲೋಕ ಬೇರೆ ಎಂಬ ಇಂದಿನ ಗೆರೆ ಆ ಪತ್ರಗಳಲ್ಲಿ ಎಲ್ಲಿದೆ? ಅಥವಾ ಭಟ್ಕಳದಿಂದ ಕೊಲ್ಲಿಗೆ ಹೋದ ಕುಟುಂಬಗಳ ಮಕ್ಕಳು ಯಾವ ಅರಬ್ಬಿ ಕಲಿತು ಮರಳುತ್ತಾರೆ? ಇಂಥ ಒಂದು ಪ್ರಶ್ನೆ, ಅದಕ್ಕೆ ಈ ಭಾಷೆ ಯಾಕೆ ಬೇಕು, ಆ ವಿಭಾಗದಲ್ಲಿ ಯಾರ ಬಳಿ ಕಲಿಯಬೇಕು ಎಂಬ ವಿವರ. ಎರಡು ಪುಟ ಸಾಕು. ಕೇಳಿದ ಪದಮಿತಿ ದಾಟಬೇಡಿ.