ಅಪ್ಪ ಹೋದ ಮೇಲೆ ನಾನು ಬರೆದ ಕಿರ್ದಿ

ನಮ್ಮ ಅಪ್ಪ ತೀರಿಕೊಂಡಿದ್ದು 2023ರ ನವೆಂಬರ್‌ನಲ್ಲಿ, ದೀಪಾವಳಿ ಮುಗಿದು ದಾವಣಗೆರೆಯ ಎಪಿಎಂಸಿ ಪ್ರಾಂಗಣಕ್ಕೆ ಮೆಕ್ಕೆಜೋಳದ ಲೋಡುಗಳು ಸಾಲುಗಟ್ಟಿ ಬರುತ್ತಿದ್ದ ದಿನಗಳಲ್ಲಿ. ನಾನು ಅಲ್ಲಿಯ ಒಂದು ದಲ್ಲಾಳಿ ಅಂಗಡಿಯಲ್ಲಿ ಹತ್ತೊಂಬತ್ತು ವರ್ಷಗಳಿಂದ ಲೆಕ್ಕ ಬರೆಯುವ ಗುಮಾಸ್ತ. ಮೂರನೆಯ ದಿನ ಹಾಲು-ತುಪ್ಪ ಬಿಟ್ಟು, ಹನ್ನೊಂದನೆಯ ದಿನ ಶಿವಗಣಾರಾಧನೆ ಮುಗಿಸಿ, ಮರುದಿನವೇ ಅಂಗಡಿಯ ಗದ್ದಿಗೆ ಬಂದು ಕುಳಿತೆ. ಬಂದವರೆಲ್ಲ ಹೇಳಿದ್ದು ಒಂದೇ ಮಾತು: ಗಂಡುಮಗ, ಧೈರ್ಯ ತಂದುಕೋ, ಅವ್ವನನ್ನು ನೋಡಿಕೋ. ಹಾಗೆ ಹೇಳಿದವರ ಪ್ರೀತಿಯಲ್ಲಿ ನನಗೆ ಸಂಶಯವಿಲ್ಲ. ಆದರೆ ಆ ಮಾತನ್ನು ಅಕ್ಷರಶಃ ಪಾಲಿಸಿದ್ದರಿಂದ ನನಗಾದದ್ದು ಕೇಡು.

ಐದನೆಯ ವಾರ ಒಬ್ಬ ರೈತರ ಪಟ್ಟಿಯಲ್ಲಿ 38 ಕ್ವಿಂಟಲ್ ಬರೆಯಬೇಕಾದಲ್ಲಿ 83 ಎಂದು ಬರೆದಿದ್ದೆ. ಆ ಹಿರಿಯರು ತಾವಾಗಿಯೇ ತಿರುಗಿ ಬಂದು, "ಇದು ನನ್ನ ತೂಕ ಅಲ್ಲಪ್ಪ, ಸರಿಯಾಗಿ ನೋಡು" ಎಂದು ಚೀಟಿಯನ್ನು ನನ್ನ ಮುಂದಿಟ್ಟರು. ಅಷ್ಟರಲ್ಲಾಗಲೇ ನನಗೆ ದಿನವೂ ಬೆಳಗಿನ ಜಾವ ಮೂರು ಗಂಟೆಗೆ ಎಚ್ಚರವಾಗಿ, ಎದೆ ಬಿಗಿದಂತಾಗಿ, ಬೆಳಕು ಹರಿಯುವವರೆಗೆ ಮತ್ತೆ ಕಣ್ಣು ಮುಚ್ಚುತ್ತಿರಲಿಲ್ಲ. ಸಾಹುಕಾರರು ಬಲವಂತ ಮಾಡಿದ್ದರಿಂದ ಡಾಕ್ಟರ್ ಹತ್ತಿರ ಹೋದೆ. ಇಸಿಜಿ ಸರಿಯಾಗಿತ್ತು. ಹತ್ತಿರದವರು ಹೋದ ಮೊದಲ ದಿನಗಳಲ್ಲಿ ಒತ್ತಡದ ಹಾರ್ಮೋನಾದ ಕಾರ್ಟಿಸಾಲ್ ಏರಿರುತ್ತದೆ, ನಿದ್ದೆ ಕೆಡುತ್ತದೆ, ಹೃದಯಾಘಾತದ ಅಪಾಯವೂ ಹೆಚ್ಚುತ್ತದೆ, ಆದ್ದರಿಂದ ಎದೆನೋವನ್ನು ದುಃಖವೆಂದು ತಳ್ಳಿಹಾಕದೆ ಪರೀಕ್ಷೆ ಮಾಡಿಸಿಕೊಂಡದ್ದು ಒಳ್ಳೆಯದಾಯಿತು ಎಂದರು. ನಂತರ ಚೀಟಿಯ ಹಿಂದೆ 14416 ಎಂದು ಬರೆದುಕೊಟ್ಟರು. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ-ಮಾನಸ್ ಎಂಬ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿಯ ಸಂಖ್ಯೆ ಅದು. ಹಗಲು ರಾತ್ರಿ ಎನ್ನದೆ ಉಚಿತವಾಗಿ, ಕನ್ನಡದಲ್ಲಿಯೇ ಮಾತನಾಡಬಹುದು.

ಒಂದು ರಾತ್ರಿ ಕರೆ ಮಾಡಿದೆ. ಆ ಕಡೆಯಿಂದ ಮಾತನಾಡಿದ ಹೆಣ್ಣುಮಗಳು ಧೈರ್ಯ ಹೇಳುವುದಕ್ಕೆ ಮೊದಲು ಒಂದು ಪ್ರಶ್ನೆ ಕೇಳಿದರು: ಮೂರು ಗಂಟೆಗೆ ಎಚ್ಚರವಾದಾಗ ನಿಮಗೆ ಮೊದಲು ಕಾಣುವುದು ಏನು? ನಾನು ಯಾರಿಗೂ ಹೇಳದೆ ಇಟ್ಟುಕೊಂಡಿದ್ದನ್ನು ಅವರಿಗೆ ಹೇಳಿದೆ.

ಅಪ್ಪ ಇದೇ ಊರಿನ ಹತ್ತಿ ಗಿರಣಿಯೊಂದರಲ್ಲಿ ದುಡಿದವರು. ಗಿರಣಿ ಮುಚ್ಚಿದ ಮೇಲೆ ಚಿಕ್ಕ ಕಿರಾಣಿ ಅಂಗಡಿ ಇಟ್ಟರು. ಕೈಯಲ್ಲಿ ಹಣವಿರಲಿ ಬಿಡಲಿ, ಶನಿವಾರ ಸಂಜೆ ಮಂಡಕ್ಕಿ-ಮೆಣಸಿನಕಾಯಿಯ ಪೊಟ್ಟಣವಿಲ್ಲದೆ ಮನೆಗೆ ಬಂದವರಲ್ಲ. ಎಣ್ಣೆ ಹೀರಿದ ಆ ಪೇಪರನ್ನು ಬಿಚ್ಚಿ, ನಮಗೆಲ್ಲ ಹಂಚಿ, ತೊಟ್ಟು ಹಿಡಿದು ತಾವು ಕೊನೆಗೆ ಒಂದನ್ನು ತಿನ್ನುತ್ತಿದ್ದರು. ಪಾರ್ಶ್ವವಾಯು ಬಡಿದ ಮೇಲೆ ಡಾಕ್ಟರು ಉಪ್ಪು, ಕರಿದದ್ದು ಎರಡನ್ನೂ ಬಿಡಿಸಿದ್ದರು. ಸಾಯುವ ಹತ್ತು ದಿನ ಮೊದಲು, ತೊದಲುವ ನಾಲಿಗೆಯಲ್ಲಿ, "ಒಂದೇ ಒಂದು ಮೆಣಸಿನಕಾಯಿ" ಎಂದು ಕೇಳಿದರು. ನಾನು ಕೊಡಲಿಲ್ಲ, ಅಷ್ಟೇ ಅಲ್ಲ, ಮಗುವನ್ನು ಗದರುವಂತೆ ಗದರಿದೆ. ಮೂರು ಗಂಟೆಗೆ ನನ್ನನ್ನು ಎಬ್ಬಿಸುತ್ತಿದ್ದದ್ದು ನನ್ನದೇ ಆ ದನಿ.

ದಿನವಿಡೀ ತಡೆದಿಟ್ಟ ದುಃಖ ರಾತ್ರಿ ನುಗ್ಗುತ್ತದೆ, ಅದಕ್ಕೆ ನೀವೇ ದಿನದಲ್ಲಿ ಅರ್ಧ ಗಂಟೆ ಕೊಡಿ, ಬರೆಯುವ ಅಭ್ಯಾಸವಿದ್ದರೆ ಬರೆಯಿರಿ ಎಂದು ಅವರು ಸೂಚಿಸಿದರು. ನನಗೆ ತಿಳಿದಿರುವ ಬರವಣಿಗೆಯೆಂದರೆ ಲೆಕ್ಕ. ಅಂಗಡಿಯಲ್ಲಿ ಉಳಿದಿದ್ದ ಒಂದು ಖಾಲಿ ಕಿರ್ದಿ ಪುಸ್ತಕವನ್ನು ಕೇಳಿ ತಂದೆ. ಊಟವಾದ ಮೇಲೆ ಎಂಟೂವರೆಯಿಂದ ಒಂಬತ್ತರವರೆಗೆ ಪಡಸಾಲೆಯಲ್ಲಿ ಕುಳಿತು, ಎಡಬದಿಯಲ್ಲಿ ನನ್ನನ್ನು ಚುಚ್ಚುತ್ತಿದ್ದ ಸಂಗತಿಯನ್ನೂ ಬಲಬದಿಯಲ್ಲಿ ಆ ದಿನ ನನಗೆ ಏನೇನು ತಿಳಿದಿತ್ತು ಎಂಬುದನ್ನೂ ಬರೆಯತೊಡಗಿದೆ. ಇಂದು ತಿಳಿದಿರುವುದನ್ನು ಬಲಬದಿಗೆ ತರಕೂಡದು ಎಂಬುದೊಂದೇ ನಿಯಮ. ಬೆಂಗಳೂರಿಗೆ ಕರೆದುಕೊಂಡು ಹೋಗಲಿಲ್ಲ ಎಂಬ ಕೊರಗು ಎರಡು ರಾತ್ರಿಗಳಲ್ಲಿ ಹಗುರಾಯಿತು, ಏಕೆಂದರೆ ಇಲ್ಲಿಯೂ ಅದೇ ಚಿಕಿತ್ಸೆ ಎಂದು ಇಬ್ಬರು ಡಾಕ್ಟರು ಹೇಳಿದ್ದು ನನ್ನ ಕೈಬರಹದಲ್ಲಿಯೇ ಎದುರಿಗಿತ್ತು. ಮೆಣಸಿನಕಾಯಿಯ ಸಾಲಿಗೆ ಹನ್ನೊಂದು ರಾತ್ರಿ ಬೇಕಾಯಿತು. ಉಳಿದಿರುವುದು ಹತ್ತೇ ದಿನ ಎಂಬುದು ನನಗೂ ಗೊತ್ತಿರಲಿಲ್ಲ, ಡಾಕ್ಟರಿಗೂ ಗೊತ್ತಿರಲಿಲ್ಲ. ಆದ್ದರಿಂದ ಕೊಡದಿದ್ದದ್ದು ಬಲಬದಿಗೆ ಸಂದಿತು. ಗದರಿದ್ದಕ್ಕೆ ಮಾತ್ರ ಬಲಬದಿಯಲ್ಲಿ ಬರೆಯಲು ಏನೂ ಸಿಗಲಿಲ್ಲ. ಅದನ್ನು ಅಲ್ಲಿಯೇ, ನನ್ನ ಹೆಸರಿನಲ್ಲಿಯೇ ಉಳಿಸಿಕೊಂಡಿದ್ದೇನೆ. ಆ ಹನ್ನೊಂದೂ ರಾತ್ರಿ ಅತ್ತಿದ್ದೇನೆ. ಆದರೆ ಒಂಬತ್ತಕ್ಕೆ ಪುಸ್ತಕ ಮುಚ್ಚಿ, ಮಗಳ ಪಾಠ ನೋಡಲು ಏಳುತ್ತಿದ್ದೆ. ಮೂರು ವಾರ ಕಳೆಯುವಷ್ಟರಲ್ಲಿ ನಿದ್ದೆ ಬೆಳಗಿನ ಐದರವರೆಗೆ ಎಳೆಯತೊಡಗಿತು.

ದುಃಖಕ್ಕೆ ಐದು ಹಂತಗಳಿವೆ ಎಂದು ಬಹಳ ಜನ ಹೇಳುತ್ತಾರೆ, ನಾನೂ ನನ್ನದು ಎಷ್ಟನೆಯ ಹಂತ ಎಂದು ಹುಡುಕಿ ಸೋತಿದ್ದೆ. 1969ರಲ್ಲಿ ಮನೋವೈದ್ಯೆ ಎಲಿಜಬೆತ್ ಕೂಬ್ಲರ್-ರಾಸ್ ಅವನ್ನು ಗುರುತಿಸಿದ್ದು ಸಾವಿನ ಅಂಚಿನಲ್ಲಿದ್ದ ರೋಗಿಗಳೊಂದಿಗೆ ಮಾತನಾಡಿ, ನನ್ನಂತೆ ಹತ್ತಿರದವರನ್ನು ಕಳೆದುಕೊಂಡವರೊಂದಿಗಲ್ಲ ಎಂಬುದು ತಿಳಿದ ಮೇಲೆ ಹುಡುಕುವುದನ್ನು ಬಿಟ್ಟೆ. ನೆದರ್ಲೆಂಡ್ಸ್‌ನ ಮನಶ್ಶಾಸ್ತ್ರಜ್ಞರಾದ ಮಾರ್ಗರೆಟ್ ಸ್ಟ್ರೋಬ್ ಮತ್ತು ಹೆಂಕ್ ಶುಟ್ 1999ರಲ್ಲಿ ಮುಂದಿಟ್ಟ ವಿವರಣೆ ನನ್ನ ಅನುಭವಕ್ಕೆ ಹೆಚ್ಚು ಹೊಂದುತ್ತದೆ: ಮನಸ್ಸು ಕಳೆದುಕೊಂಡದ್ದರ ಕಡೆಗೊಮ್ಮೆ, ಮುಂದಿನ ಬದುಕಿನ ಕಡೆಗೊಮ್ಮೆ ಜೀಕುತ್ತಿರಬೇಕು; ಒಂದೇ ಕಡೆ ನಿಂತುಬಿಟ್ಟರೆ ತೊಂದರೆ.

ಕಚೇರಿ ಕೆಲಸಗಳಲ್ಲಿ 21 ದಿನಗಳೊಳಗೆ ಮರಣ ನೋಂದಣಿ ಮಾಡಿಸುವುದೊಂದನ್ನು ಮಾತ್ರ ಮುಂದೂಡಬಾರದು. ಪ್ರಮಾಣಪತ್ರದ ನಾಲ್ಕಾರು ಪ್ರತಿಗಳನ್ನು ಒಟ್ಟಿಗೇ ತೆಗೆದುಕೊಂಡರೆ ಅಲೆದಾಟ ತಪ್ಪುತ್ತದೆ. ನಾಡಕಚೇರಿಯ ವಂಶವೃಕ್ಷ, ಊರಿನ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸುವ ಪೌತಿ ಖಾತೆ, ಬ್ಯಾಂಕು ಇವನ್ನು ವಾರಕ್ಕೊಂದರಂತೆ, ಭಾವನನ್ನು ಜೊತೆಗೆ ಕರೆದುಕೊಂಡು ಮುಗಿಸಿದೆ. ಅಪ್ಪನ ಹೆಸರಿನ ಹಿಂದೆ "ದಿವಂಗತ" ಎಂದು ಬರೆಯುವಾಗ ಪಕ್ಕದಲ್ಲಿ ಒಬ್ಬರಿರಬೇಕು.

ಅವ್ವನ ದುಃಖದ ದಾರಿಯೇ ಬೇರೆಯಾಗಿತ್ತು. ಅವಳು ಅಳಲಿಲ್ಲ, ಮಾತೂ ಆಡಲಿಲ್ಲ. ಬೆಳಿಗ್ಗೆ ಅಪ್ಪನ ಸ್ಟೀಲ್ ಲೋಟವನ್ನೂ ತೊಳೆದು ಚಹಾಕ್ಕೆ ಇಡುತ್ತಿದ್ದಳು. ಎದುರು ಕೂರಿಸಿಕೊಂಡು ಕೇಳಿದಾಗಲೆಲ್ಲ ಎದ್ದು ಒಳಗೆ ಹೋಗುತ್ತಿದ್ದವಳು, ಕುಂದವಾಡ ಕೆರೆಯ ಏರಿಯ ಮೇಲೆ ಜೊತೆಗೆ ನಡೆಯತೊಡಗಿದ ಎರಡನೆಯ ವಾರ, ನೀರಿನ ಕಡೆ ನೋಡುತ್ತ, ಮದುವೆಯಾದ ಹೊಸದರಲ್ಲಿ ಗಿರಣಿಯ ಸೈರನ್ ಕೇಳಿದ ಕೂಡಲೇ ರೊಟ್ಟಿಯ ಹೆಂಚು ಒಲೆಗಿಡುತ್ತಿದ್ದದ್ದನ್ನು ತಾನಾಗಿಯೇ ಹೇಳಿದಳು. ಲೋಟವನ್ನು ತೆಗೆದಿಡು ಎಂದು ನಾನು ಹೇಳಲಿಲ್ಲ. ಯುಗಾದಿಯ ಹೊತ್ತಿಗೆ ಅವಳೇ ಅದನ್ನು ದೇವರ ಕೋಣೆಯಲ್ಲಿಟ್ಟಳು.

ವಿಶ್ವ ಆರೋಗ್ಯ ಸಂಸ್ಥೆಯ ರೋಗವರ್ಗೀಕರಣದ ಪ್ರಕಾರ, ಆರು ತಿಂಗಳು ಕಳೆದ ಮೇಲೂ ನಿತ್ಯದ ಬದುಕು ನಡೆಸಲಾಗದಷ್ಟು ದುಃಖ ಮುತ್ತಿಕೊಂಡಿದ್ದರೆ ಅದು ಚಿಕಿತ್ಸೆ ಬೇಡುವ ಸ್ಥಿತಿ. ತಾನೂ ಹೋಗಿಬಿಡಬೇಕು ಎನಿಸಿದರೆ ಸಹಾಯ ಕೇಳಲು ಒಂದು ದಿನವೂ ಕಾಯಬಾರದು.

ಮರುವರ್ಷದ ಮಹಾಲಯ ಅಮಾವಾಸ್ಯೆಗೆ ಎಡೆ ಇಡುವಾಗ ಅವ್ವ ನನ್ನನ್ನು ಮಂಡಕ್ಕಿ-ಮೆಣಸಿನಕಾಯಿ ತರಲು ಕಳಿಸಿದಳು. "ಡಾಕ್ಟರು ಬೇಡ ಅಂದಿದ್ದರಲ್ಲವ್ವ" ಎಂದು ನನಗೇ ಅರಿವಿಲ್ಲದೆ ಬಾಯಿಂದ ಬಂತು. "ಇನ್ನೆಲ್ಲಿಯ ಪಥ್ಯ ಬಿಡಪ್ಪ ಅವರಿಗೆ" ಎಂದು ಅವಳು ಪೊಟ್ಟಣ ಬಿಚ್ಚಿ, ಬಾಳೆಲೆಯ ಮೇಲೆ ಎರಡನ್ನು ಇಟ್ಟಳು. ಆ ರಾತ್ರಿ ಕಿರ್ದಿಯನ್ನು ತೆಗೆದು, ಗದರಿದ್ದರ ಎದುರಿಗೆ ಖಾಲಿ ಉಳಿದಿದ್ದ ಜಾಗದಲ್ಲಿ ತಾರೀಖು ಹಾಕಿ, "ಎಡೆಗೆ ಮೆಣಸಿನಕಾಯಿ 2" ಎಂದು ಬರೆದೆ.