ಮನೆ-ಸೈಟು ವ್ಯವಹಾರದಲ್ಲಿ ಎಐ: ನನ್ನ ಅನುಭವ

ನಾನು ಮೈಸೂರಿನಲ್ಲಿ ರಿಯಲ್ ಎಸ್ಟೇಟ್ ಏಜೆಂಟ್. ಕುವೆಂಪುನಗರ, ವಿಜಯನಗರ ನಾಲ್ಕನೇ ಹಂತ, ಬೋಗಾದಿ ಕಡೆಯ ಮನೆ, ಸೈಟುಗಳೇ ಜಾಸ್ತಿ. ಈ ಕೆಲಸದಲ್ಲಿ ಓಡಾಟ ಎಷ್ಟಿದೆಯೋ ಬರೆಯುವುದೂ ಅಷ್ಟೇ ಇದೆ. ಒಂದೇ ಮನೆಯ ವಿವರವನ್ನು ವಾಟ್ಸಾಪ್ ಗ್ರೂಪಿಗೆ ಒಂದು ಥರ, ವೆಬ್‌ಸೈಟಿಗೆ ಇನ್ನೊಂದು ಥರ ಬರೆಯಬೇಕು. ಅಪ್ಪ-ಅಮ್ಮನಿಗೆ ಮನೆ ಹುಡುಕುತ್ತಿರುವ ಮಗ ಅಮೆರಿಕದಲ್ಲಿದ್ದರೆ ಅವನಿಗೆ ಇಂಗ್ಲಿಷಿನಲ್ಲಿ ಬೇರೆ. ಈ ಭಾರ ಕಮ್ಮಿ ಮಾಡಿಕೊಳ್ಳಲು ಚಾಟ್‌ಜಿಪಿಟಿ ಶುರು ಮಾಡಿದೆ. ಈಗ ದಿನಾ ಬಳಸುತ್ತೇನೆ.

ಮನೆ ನೋಡಿ ಹೊರಗೆ ಬಂದ ಕೂಡಲೇ, ನೆನಪು ಹಸಿಯಾಗಿರುವಾಗಲೇ, ಫೋನಿಗೆ ಕನ್ನಡದಲ್ಲಿ ಹೇಳಿಬಿಡುತ್ತೇನೆ. '30x40, ಪೂರ್ವಕ್ಕೆ ಬಾಗಿಲು. ಕೆಳಗೆ ಎರಡು ರೂಮು, ಮೇಲೆ ಒಂದು. ಸಂಪು ಇದೆ. ಸಣ್ಣ ಕಾರು ನಿಲ್ಲುತ್ತೆ, ದೊಡ್ಡದು ಕಷ್ಟ. ಹಿಂದಿನ ರೂಮಿಗೆ ಬೆಳಕು ಕಮ್ಮಿ.' ಇಷ್ಟು ಕೊಟ್ಟು ಸುಮ್ನೆ 'ಜಾಹೀರಾತು ಬರಿ' ಅಂದರೆ ಅದು ವಿಶಾಲವಾದ ಪಾರ್ಕಿಂಗು, ಗಾಳಿ-ಬೆಳಕು ತುಂಬಿದ ಕೋಣೆಗಳು ಅಂತೆಲ್ಲ ಬರೆದುಕೊಡುತ್ತೆ. ಅದನ್ನು ನಂಬಿ ಬಂದವರು ಗೇಟಿನಲ್ಲೇ ಮುಖ ತಿರುಗಿಸುತ್ತಾರೆ. ಅದಕ್ಕೇ ಪ್ರತಿ ಸಲವೂ ಎರಡು ಮಾತು ಸೇರಿಸುತ್ತೇನೆ: 'ನಾನು ಹೇಳದ್ದನ್ನು ಬರೀಬೇಡ. ಕೊಳ್ಳುವವರು ಕೇಳಬಹುದಾದ ಯಾವುದು ಬಿಟ್ಟುಹೋಗಿದೆ ಅಂತ ಮೊದಲು ನನ್ನನ್ನು ಕೇಳು.'

ಆ ಎರಡನೇ ಮಾತಿನಿಂದ ಆದ ಲಾಭ ದೊಡ್ಡದು. ನಲ್ಲಿ ನೀರು ಎಷ್ಟು ದಿನಕ್ಕೊಮ್ಮೆ? ಬೋರ್‌ವೆಲ್ ಇದೆಯಾ? ಮನೆ ಕಟ್ಟಿ ಎಷ್ಟು ವರ್ಷವಾಯಿತು? ಇ-ಖಾತಾ (ಸ್ಥಳೀಯ ಸಂಸ್ಥೆಯ ಡಿಜಿಟಲ್ ಆಸ್ತಿ ದಾಖಲೆ) ಆಗಿದೆಯಾ? ಬ್ಯಾಂಕ್ ಸಾಲ ಬಾಕಿ ಇದೆಯಾ? ಹೇಳಿದ ಚದರಡಿ ಕಾರ್ಪೆಟ್ ಏರಿಯಾನಾ (ಗೋಡೆಯೊಳಗೆ ಬಳಸಲು ಸಿಗುವ ಜಾಗ), ಸೂಪರ್ ಬಿಲ್ಟ್‌ಅಪ್ಪಾ (ಗೋಡೆ, ಮೆಟ್ಟಿಲಿನಂಥ ಎಲ್ಲರ ಜಾಗದ ಪಾಲೂ ಸೇರಿದ್ದು)? ಮಾಲೀಕರ ಮನೆ ಅಂಗಳದಲ್ಲಿ ನಿಂತೇ ಇದಕ್ಕೆಲ್ಲ ಉತ್ತರ ತಗೊಂಡು ಬರುತ್ತೇನೆ. ಜಾಹೀರಾತಿನಲ್ಲಿ 'ದೊಡ್ಡ ಕಾರು ನಿಲ್ಲುವುದಿಲ್ಲ' ಅನ್ನುವುದನ್ನೂ ಉಳಿಸುತ್ತೇನೆ. ಕೆಲವು ಮಾಲೀಕರಿಗೆ ಇದು ಇಷ್ಟವಾಗಲ್ಲ. ಫೋನ್ ಬರುವುದು ಕಮ್ಮಿಯಾಗುತ್ತೆ ನಿಜ, ಆದರೆ ಬಂದವರು ನಿಜವಾಗಿ ಕೊಳ್ಳುವವರು ಅಂತ ಅವರಿಗೆ ಹೇಳುತ್ತೇನೆ. ಹೊಸ ಲೇಔಟ್, ಅಪಾರ್ಟ್‌ಮೆಂಟ್ ಆದರೆ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿ ಸಂಖ್ಯೆ ಜಾಹೀರಾತಿನಲ್ಲಿ ಇರಲೇಬೇಕು. ಅದನ್ನು ಕೈಯಾರೆ ಹಾಕಿ, ರೇರಾ ವೆಬ್‌ಸೈಟಿನಲ್ಲಿ ತಾಳೆ ನೋಡಿಯೇ ಕಳಿಸುತ್ತೇನೆ.

ಮೆಸೇಜ್ ಬರೆಸುವಾಗ ಇನ್ನೊಂದು ತೊಡಕಿತ್ತು. ಅದರ ಕನ್ನಡ ತೀರಾ ಆಫೀಸಿನ ಪತ್ರದಂತೆ ಇರುತ್ತಿತ್ತು, 'ತಮ್ಮ ಅಮೂಲ್ಯ ಅಭಿಪ್ರಾಯವನ್ನು ತಿಳಿಸಬೇಕಾಗಿ ಕೋರುತ್ತೇನೆ' ಅಂತ. ನಿನ್ನೆ ತಾನೇ ಜೊತೆಗೆ ಕಾಫಿ ಕುಡಿದವರಿಗೆ ಇದನ್ನು ಕಳಿಸೋಕಾಗಲ್ಲ, ಅಲ್ವಾ? ನಾನೇ ಹಿಂದೆ ಬರೆದ ಹತ್ತಾರು ಮೆಸೇಜುಗಳನ್ನು, ಹೆಸರು ತೆಗೆದು, ಮಾದರಿಗೆ ಕೊಟ್ಟೆ. ಈಗ 'ಸರ್, ನಮಸ್ಕಾರ. ಶನಿವಾರ ನೋಡಿದ ಮನೆ ಬಗ್ಗೆ ಮನೆಯವರ ಹತ್ತಿರ ಮಾತಾಡಿದ್ರಾ?' ಅಂತ ಬರೆಯುತ್ತೆ. ಓದಿ, ಬೇಕಾದರೆ ಒಂದು ಮಾತು ಬದಲಿಸಿ ಕಳಿಸುತ್ತೇನೆ.

ಲೆಕ್ಕದ ವಿಷಯದಲ್ಲಿ ಮಾತ್ರ ತುಂಬಾ ಹುಷಾರು ಬೇಕು. 60 ಲಕ್ಷದ ಮನೆಗೆ ನೋಂದಣಿ ಖರ್ಚು ಎಷ್ಟು ಅಂತ ಕೇಳಿದ್ದಕ್ಕೆ ಅದು ಕೊಟ್ಟ ಉತ್ತರ 3,96,000 ರೂಪಾಯಿ. ಹಳೆಯ ಲೆಕ್ಕ ಅದು. ಕರ್ನಾಟಕದಲ್ಲಿ 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ. 1ರಿಂದ 2ಕ್ಕೆ ಏರಿದೆ. ಮುದ್ರಾಂಕ ಶುಲ್ಕ ಶೇ. 5 ಅಂದರೆ 3,00,000. ಅದರ ಮೇಲೆ ಶೇ. 10 ಸೆಸ್ 30,000. ನಗರವಾದ್ದರಿಂದ ಶೇ. 2 ಸರ್‌ಚಾರ್ಜ್ 6,000. ನೋಂದಣಿ ಶುಲ್ಕ 1,20,000. ಒಟ್ಟು 4,56,000. ಗೈಡೆನ್ಸ್ ವ್ಯಾಲ್ಯೂ, ಅಂದರೆ ಸರ್ಕಾರ ಗೊತ್ತುಮಾಡಿದ ಕನಿಷ್ಠ ಬೆಲೆ, 60 ಲಕ್ಷಕ್ಕಿಂತ ಜಾಸ್ತಿ ಇದ್ದರೆ ಇದೂ ಏರುತ್ತೆ. ಅರವತ್ತು ಸಾವಿರದ ವ್ಯತ್ಯಾಸ ಸಬ್‌ರಿಜಿಸ್ಟ್ರಾರ್ ಆಫೀಸಿನ ಬಾಗಿಲಲ್ಲಿ ಗೊತ್ತಾದರೆ ಪಾರ್ಟಿ ಎಲ್ಲಿಂದ ತರಬೇಕು? ಹಾಗಾಗಿ ದರವನ್ನು ಅದರ ಹತ್ತಿರ ಕೇಳುವುದೇ ಇಲ್ಲ. ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಲ್ಲಿ ನೋಡಿ ದರ ನಾನೇ ಕೊಡುತ್ತೇನೆ, ಅದು ಕೊಳ್ಳುವವರಿಗೆ ಅರ್ಥವಾಗುವ ಹಾಗೆ ಬಿಡಿಸಿ ಬರೆಯುತ್ತೆ.

ಕಾಗದಪತ್ರಕ್ಕೂ ಬಳಸುತ್ತೇನೆ, ಆದರೆ ಬೇರೆ ರೀತಿ. ಹಳೆಯ ಕೈಬರಹದ ಕ್ರಯಪತ್ರದ ಫೋಟೋ ಹಾಕಿ 'ಓದು' ಅಂದರೆ ಅದು ತಡವರಿಸುತ್ತೆ. ತಡವರಿಸಿದ್ದನ್ನು ಹೇಳಲ್ಲ, ತಪ್ಪನ್ನೂ ಧೈರ್ಯವಾಗಿ ಹೇಳುತ್ತೆ. ಕನ್ನಡ ಅಂಕಿಗಳಂತೂ ಇನ್ನೂ ಕಷ್ಟ. ಮಸಿ ಹರಡಿದ ಕಾಗದದಲ್ಲಿ ೬ ಯಾವುದು, ೯ ಯಾವುದು ಅಂತ ನಾನೇ ಬೆಳಕಿಗೆ ಹಿಡಿದು ನೋಡಬೇಕು. ಅದಕ್ಕೇ ಚೆಕ್‌ಬಂದಿಯನ್ನು (ಆಸ್ತಿಯ ನಾಲ್ಕೂ ದಿಕ್ಕಿನ ಗಡಿ ವಿವರ) ನಾನೇ ಓದಿ ಟೈಪ್ ಮಾಡುತ್ತೇನೆ. ಮೂಲ ಕ್ರಯಪತ್ರದ್ದು, ನಂತರದ ಕ್ರಯಪತ್ರದ್ದು, ಖಾತೆಯದ್ದು. ಮೂರನ್ನೂ ಅಕ್ಕಪಕ್ಕ ಇಟ್ಟು ವ್ಯತ್ಯಾಸ ತೋರಿಸು ಅಂತ ಕೇಳುತ್ತೇನೆ.

ಬೋಗಾದಿ ಕಡೆಯ ಒಂದು ಸೈಟಿನಲ್ಲಿ ಮೂಲ ಪತ್ರದಲ್ಲಿ ಉತ್ತರಕ್ಕೆ ರಸ್ತೆ ಇತ್ತು. ಮುಂದಿನ ಪತ್ರದಲ್ಲಿ ಅದು ಪೂರ್ವಕ್ಕೆ ಬಂದಿತ್ತು, ಅಳತೆ ಮಾತ್ರ ಹಾಗೇ ಇತ್ತು. ಪುಟ ತಿರುವಿ ಓದುವಾಗ ಇಂಥದ್ದು ಸುಲಭವಾಗಿ ತಪ್ಪಿಹೋಗುತ್ತೆ. ಪಟ್ಟಿಯಲ್ಲಿ ಪಕ್ಕಪಕ್ಕ ಬಂದ ಕೂಡಲೇ ಕಣ್ಣಿಗೆ ಹೊಡೆಯಿತು. ಸೈಟಿಗೆ ಹೋಗಿ ನೋಡಿದರೆ ರಸ್ತೆ ಉತ್ತರಕ್ಕೇ ಇತ್ತು. ಅಡ್ವಾನ್ಸ್ ಕೊಡುವ ಮೊದಲೇ ಮಾರುವವರು ತಿದ್ದುಪಡಿ ಪತ್ರ ಮಾಡಿಸಿದರು.

ಆಧಾರ್, ಪ್ಯಾನ್, ಬ್ಯಾಂಕ್ ವಿವರ, ಫೋನ್ ನಂಬರು ಯಾವುದನ್ನೂ ಅದಕ್ಕೆ ಕೊಡಲ್ಲ. ಹೆಸರಿನ ಜಾಗದಲ್ಲಿ 'ಮಾರುವವರು', 'ಕೊಳ್ಳುವವರು' ಅಂತ ಹಾಕುತ್ತೇನೆ. ಜನ ನಮ್ಮನ್ನು ನಂಬಿ ಇಡೀ ಫೈಲು ಕೈಗೆ ಕೊಡುತ್ತಾರೆ. ಆ ನಂಬಿಕೆ ನಮ್ಮ ಫೋನಿನಿಂದ ಆಚೆ ಹೋಗಬಾರದು.

ಕ್ರಯಪತ್ರದ ಕರಡನ್ನು, ಹಕ್ಕು ಸರಿಯಿದೆಯಾ ಅನ್ನುವ ತೀರ್ಮಾನವನ್ನು ವಕೀಲರಿಗೇ ಬಿಡುತ್ತೇನೆ. ಅವರ ಹತ್ತಿರ ಹೋಗುವ ಮುಂಚೆ ಏನೇನು ಕೇಳಬೇಕು ಅಂತ ಎಐನಿಂದ ಪಟ್ಟಿ ಮಾಡಿಸಿಕೊಳ್ಳುತ್ತೇನೆ. ತಂದೆ ಸ್ವಂತ ದುಡಿಮೆಯಲ್ಲಿ ಕಟ್ಟಿದ ಮನೆ, ವಿಲ್ ಬರೆಯದೆ ತೀರಿಕೊಂಡಿದ್ದಾರೆ, ಅಣ್ಣತಮ್ಮಂದಿರು ಇಬ್ಬರು ಮಾರಲು ಬಂದಿದ್ದರು. ಪಟ್ಟಿಯ ಮೊದಲ ಪ್ರಶ್ನೆಯೇ 'ತಾಯಿ, ಅಕ್ಕತಂಗಿಯರು ಇದ್ದಾರಾ?' ಅಂತ. ಒಬ್ಬ ತಂಗಿ ಇದ್ದರು, ಹುಬ್ಬಳ್ಳಿಯಲ್ಲಿ. 'ಅವಳಿಗೆ ಮದುವೆಯಾಗಿದೆ, ಅವಳ ಸಹಿ ಯಾಕೆ?' ಅಂದರು ಅಣ್ಣಂದಿರು. ವಕೀಲರು 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯನ್ನು ಬಿಡಿಸಿ ಹೇಳಿದರು: ಇಂಥ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಪಾಲು, ಮದುವೆಯಾಗಿದ್ದರೂ ಅಷ್ಟೇ. ವಂಶವೃಕ್ಷ ತರಿಸಿ, ಅವರ ಹೆಸರನ್ನೂ ಸೇರಿಸಿ ಅಗ್ರಿಮೆಂಟ್ ಮಾಡಿದೆವು. ಆ ತಂಗಿ ಊರಿಗೆ ಬಂದು ಸಹಿ ಹಾಕಿ, ತಮ್ಮ ಪಾಲಿನ ಹಣವನ್ನು ತಮ್ಮ ಹೆಸರಿನ ಡಿಡಿಯಲ್ಲೇ ತಗೊಂಡರು.