ಬಂದರಿನ ಸರ್ವೇ ಕಚೇರಿಗೆ ಲಂಡನ್ನಿನ ಮಾನ್ಯತೆ ತರುವುದು ಹೇಗೆ?

ಸುಮ್ನೆ ಹೀಗೆ ಅಂದುಕೊಳ್ಳಿ. ಇದು 1895ನೇ ಇಸವಿ. ನೀವು ಮುಂಬಯಿ ಬಂದರಿನ ಅಧಿಕಾರಿ. ಜನರನ್ನು ತುಂಬಿಕೊಂಡು ಹೊರಡುವ ಸ್ಟೀಮರುಗಳನ್ನು ಪರೀಕ್ಷಿಸಿ ಸರ್ಟಿಫಿಕೇಟು ಕೊಡುವ ಕಚೇರಿ ನಿಮ್ಮ ಕೈಕೆಳಗಿದೆ. ಆದರೆ ನಿಮ್ಮ ಕಾಗದ ಇಂಗ್ಲೆಂಡಿನಲ್ಲಿ ನಡೆಯದಿದ್ದರೆ, ಅಲ್ಲಿಂದ ಜನ ಹತ್ತಿಸಿಕೊಳ್ಳುವ ಮೊದಲು ಅದೇ ಹಡಗಿಗೆ ಮತ್ತೊಂದು ಪರೀಕ್ಷೆ. ಮಾಲೀಕರು ಗೊಣಗದೆ ಇರುತ್ತಾರಾ?

ಮೊದಲು ಕಾನೂನು ನೋಡಿ. ಈ ಪರೀಕ್ಷೆಗೆ, ಅಂದರೆ ಸರ್ವೇಗೆ, ನಿಮ್ಮ ಸೀಮೆಯದೇ ಕಾನೂನು ಇರಬೇಕು. ಭಾರತದಲ್ಲಿ 1884ರ ಸ್ಟೀಮ್‌ಶಿಪ್ ಕಾಯ್ದೆ ಇದೆ, ಆ ಚಿಂತೆ ಬಿಡಿ. ಮಾನ್ಯತೆಯ ದಾರಿ ಇರುವುದು 1894ರ ಬ್ರಿಟಿಷ್ ಮರ್ಚೆಂಟ್ ಶಿಪ್ಪಿಂಗ್ ಕಾಯ್ದೆಯ 284ನೇ ಸೆಕ್ಷನ್ನಿನಲ್ಲಿ. ವಸಾಹತಿನ ಸರ್ವೇ ನಮ್ಮದರಂತೆಯೇ ಇದೆ, ಅಷ್ಟೇ ಗಟ್ಟಿಯಾಗಿದೆ ಎಂದು ಲಂಡನ್ನಿನ ಬೋರ್ಡ್ ಆಫ್ ಟ್ರೇಡ್ (ವ್ಯಾಪಾರ, ಹಡಗುಗಳ ಉಸ್ತುವಾರಿಯ ಸರ್ಕಾರಿ ಇಲಾಖೆ) ವರದಿ ಕೊಡಬೇಕು. ಆಮೇಲೆ ರಾಣಿಯ ಆದೇಶ. ಅಂದರೆ ಅವರು ತೂಗುವುದು ನಿಮ್ಮ ಕಾಗದದ ಮೊಹರನ್ನಲ್ಲ, ಹಡಗಿನೊಳಗೆ ಇಳಿದವನು ಯಾರು ಅನ್ನುವುದನ್ನು.

ಹಾಗಾಗಿ ಜನ ಸೇರಿಸಿ. ಒಬ್ಬನಲ್ಲ, ಎರಡು ಕಸುಬಿನ ಇಬ್ಬರು. ಬ್ರಿಟಿಷ್ ಕಾಯ್ದೆ ಕೇಳುವುದೂ ಅದನ್ನೇ.

ಒಬ್ಬ ಹಡಗು ಕಟ್ಟುವ ಕಸುಬಿನಿಂದ ಬಂದವನು. ಕಬ್ಬಿಣದ ಹಡಗು ಗೊತ್ತಿರಲೇಬೇಕು. ಬರೀ ಮರದ ಹಡಗಿನ ಬಡಗಿ ಸಾಲದು. ಹಡಗು ಡ್ರೈ ಡಾಕ್ (ನೀರು ಬಸಿದು ಹಡಗಿನ ತಳ ನೋಡುವ ಕಟ್ಟೆ) ಏರಿದಾಗ ಅವನು ಸುತ್ತಿಗೆ ಹಿಡಿದು ಕೆಳಗಿಳಿಯುತ್ತಾನೆ. ತಗಡುಗಳನ್ನು ಜೋಡಿಸುವ ರಿವೆಟ್ಟಿನ ಒಂದು ಬದಿಗೆ ಬೆರಳಿಟ್ಟು ಇನ್ನೊಂದು ಬದಿಗೆ ಹೊಡೆಯುತ್ತಾನೆ. ಬಿಗಿ ಇದ್ದರೆ ಠಣ್ ಅನ್ನುತ್ತದೆ. ಸಡಿಲವಾಗಿದ್ದರೆ ಸದ್ದು ಮಂಕು, ಬೆರಳಿಗೆ ಅಲುಗಾಟ ತಿಳಿಯುತ್ತದೆ. ದೋಣಿ, ದೀಪ, ದಿಕ್ಸೂಚಿ, ಎಷ್ಟು ಜನ ಹತ್ತಬಹುದು ಎಂಬ ಲೆಕ್ಕ ಎಲ್ಲವೂ ಅವನದೇ. ಈ ಲೆಕ್ಕ ಸಣ್ಣದಲ್ಲ. 1888ರ ನವೆಂಬರಿನಲ್ಲಿ ಕಚ್ಛಿನ ಮಾಂಡ್ವಿಯಿಂದ ಮುಂಬಯಿಗೆ ಹೊರಟ 'ವೈತರಣಾ' ಸ್ಟೀಮರು ಬಿರುಗಾಳಿಯಲ್ಲಿ ನೂರಾರು ಜನರ ಸಮೇತ ಕಾಣೆಯಾಯಿತು. ವಿದ್ಯುತ್ ದೀಪ ಇದ್ದದ್ದಕ್ಕೆ ಜನ ಅದನ್ನು 'ವೀಜಳಿ' (ಗುಜರಾತಿಯಲ್ಲಿ ಮಿಂಚು, ವಿದ್ಯುತ್ತು) ಅನ್ನುತ್ತಿದ್ದರು.

ಇನ್ನೊಬ್ಬ ಎಂಜಿನಿಯರ್. ಖರ್ಚು ಉಳಿಸಲು ಹೋಗುವವರು ಸಾಮಾನ್ಯವಾಗಿ ಕೈಬಿಡುವುದು ಇವನನ್ನೇ. ದಡ್ಡತನ! ಬಾಯ್ಲರಿನ ಒಳಗೆ ತೂರಿ ತುಕ್ಕು ಕೆರೆದು ನೋಡುವವನು ಇವನು. ಹೊಸ ಬಾಯ್ಲರಾದರೆ ನೀರು ತುಂಬಿಸಿ, ಕೆಲಸದ ಒತ್ತಡದ ಎರಡರಷ್ಟು ಒತ್ತಡ ಕೊಡುತ್ತಾನೆ. ನೀರೇ ಯಾಕೆ? ತಗಡು ಬಿರಿದರೆ ನೀರು ಸೋರುತ್ತದೆ ಅಷ್ಟೇ. ಉಗಿಯಾದರೆ ಸಿಡಿಯುತ್ತದೆ. ಕೊನೆಗೆ ಸೇಫ್ಟಿ ವಾಲ್ವ್, ಅಂದರೆ ಹೆಚ್ಚಾದ ಉಗಿಯನ್ನು ಹೊರಬಿಡುವ ಕವಾಟ. ವೇಗದ ಆಸೆಗೆ ಅದರ ಮೇಲೆ ಜಾಸ್ತಿ ಭಾರ ಹೇರಿಬಿಟ್ಟರೆ ಕತೆ ಮುಗಿಯಿತು. ಅದಕ್ಕೇ, ಉಗಿ ಏರಿದ ಮೇಲೆ ಕ್ಯಾಪ್ಟನ್ನಿನ ಕೈಗೆ ಸಿಗದಂಥ ವಾಲ್ವ್ ಪ್ರತಿ ಬಾಯ್ಲರಿಗೂ ಬೇಕು ಎಂದು ಕಾಯ್ದೆ ಹೇಳುತ್ತದೆ.

ಗುಮಾಸ್ತ ಒಬ್ಬ ಸಾಕು, ಆದರೆ ಚುರುಕಾಗಿರಲಿ. ಬ್ರಿಟಿಷ್ ಪದ್ಧತಿಯಲ್ಲಿ ಹಡಗು ಸರಿಯಿದೆ ಎಂದು ಸರ್ವೇಯರ್ ಬರೆದುಕೊಟ್ಟ ಘೋಷಣೆಯನ್ನು ಮಾಲೀಕ 14 ದಿನದೊಳಗೆ ಬೋರ್ಡ್ ಆಫ್ ಟ್ರೇಡಿಗೆ ಕಳಿಸಬೇಕು. ಸರ್ಟಿಫಿಕೇಟು ಒಂದು ವರ್ಷಕ್ಕಿಂತ ಹೆಚ್ಚು ನಡೆಯದು. ತಾರೀಕು ತಪ್ಪಿದರೆ ಹಡಗು ನಿಂತಲ್ಲೇ ನಿಲ್ಲುತ್ತದೆ.

ಸಂಬಳದ ವಿಷಯಕ್ಕೆ ಬರೋಣ. ಬ್ರಿಟನ್ನಿನಲ್ಲಿ ಸರ್ವೇಯರ್ ಹಡಗಿನವರಿಂದ ತಾನೇ ಕಾಸು ಇಸಿದುಕೊಂಡರೆ 50 ಪೌಂಡ್ ತನಕ ದಂಡ. ನೀವೂ ಹಾಗೇ ಮಾಡಿ. ಶುಲ್ಕ ಖಜಾನೆಗೆ, ಸಂಬಳ ಖಜಾನೆಯಿಂದ. ಬೆಳಿಗ್ಗೆ ಸರ್ಕಾರದ ಸರ್ವೇ, ಮಧ್ಯಾಹ್ನ ಹಡಗು ಕಂಪನಿಯ ರಿಪೇರಿ ಅನ್ನುವವನನ್ನು ಎಷ್ಟೇ ಜಾಣನಾದರೂ ಸೇರಿಸಬೇಡಿ. ತಾನೇ ಮಾಡಿದ ರಿಪೇರಿಗೆ ತಾನೇ ತಪ್ಪು ಬರೆದುಕೊಳ್ಳುತ್ತಾನಾ?

ಇಷ್ಟಾದ ಮೇಲೆ ಅರ್ಜಿ ಬರೆಯಿರಿ. ನಿಮ್ಮ ಕಾಯ್ದೆ, ನಿಯಮ, ಸರ್ಟಿಫಿಕೇಟಿನ ನಮೂನೆ ಜೊತೆಗಿರಲಿ. ಇಬ್ಬರೂ ಎಲ್ಲಿ ಕೆಲಸ ಕಲಿತವರು ಎಂಬ ವಿವರವನ್ನು ಮೇಲೆಯೇ ಇಡಿ.

ಇನ್ನೊಂದು ಮಾತು, ರಜೆಯದು. ಮಳೆಗಾಲದಲ್ಲಿ ಕಾರವಾರದ ಕಡೆಯ ಸಮುದ್ರ ಹುಚ್ಚೆದ್ದಾಗ ಕರಾವಳಿ ಸ್ಟೀಮರುಗಳಿಗೆ ಬಿಡುವು, ಸರ್ವೇಗೆ ಒಳ್ಳೆಯ ಸಮಯ. ನಿಮ್ಮ ಇಬ್ಬರಿಗೂ ರಜೆ ಕೊಡುವುದಿದ್ದರೆ ಬೇಸಿಗೆಯಲ್ಲೇ ಕೊಟ್ಟು ಮುಗಿಸಿ.